ಅಡ್ಯಾರಿನ ಶಸ್ತ್ರವೈದ್ಯರು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡವರನ್ನು ಕುರಿತು ಮಾತಾಡಲು ನನಗಿಂತ ಓದಿದವರು ಈ ಸಭೆಯಲ್ಲಿದ್ದಾರೆ. ಆದರೂ ಕಾರ್ಯದರ್ಶಿಗಳು ನನ್ನನ್ನೇ ಎಬ್ಬಿಸಿ ನಿಲ್ಲಿಸಿದ್ದಾರೆ. ಡಾಕ್ಟರ್ ಎಸ್. ಕೃಷ್ಣಮೂರ್ತಿಯವರನ್ನು ನಾನು ಕಣ್ಣಾರೆ ಕಂಡವನಲ್ಲ. ಅವರು 2010ರಲ್ಲಿ ತೀರಿಕೊಂಡರು. ಆಗ ನಾನು ಮೇಜು ಒರೆಸುವ ಹುಡುಗ. ಅವರ ಕೆಲಸ ಎಂಥದೆಂದು ನನಗೆ ತಿಳಿದದ್ದು ನಮ್ಮ ದೋಸೆ ಭಟ್ಟರ ಬಾಯಿಂದ. ಬಾಯಿಂದ ಎಂದರೆ ಅವರು ಹೇಳಿದರೆಂದಲ್ಲ. ಅವರ ಬಾಯಲ್ಲಿ ಆದ ಹುಣ್ಣಿನಿಂದ.

ಅದನ್ನು ಹೇಳುವ ಮೊದಲು ಆಸ್ಪತ್ರೆಯ ಕಥೆ ಕೇಳಿ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. 1923ರಲ್ಲಿ ಅವರ ತಂಗಿ ಕ್ಯಾನ್ಸರಿನಿಂದ ಸತ್ತರು. ಆ ಸಂಕಟವನ್ನು ಆ ತಾಯಿ ಮರೆಯಲಿಲ್ಲ. ಮದರಾಸಿನಲ್ಲಿ ಈ ರೋಗಕ್ಕೇ ಒಂದು ಆಸ್ಪತ್ರೆ ಬೇಕೆಂದು ಮಹಿಳಾ ಸಂಘದವರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಮನೆಮನೆ, ಕಚೇರಿ ಕಚೇರಿ ಅಲೆದರು. ಕ್ಯಾನ್ಸರ್ ಬಂದವರು ಹೇಗೂ ಸಾಯುತ್ತಾರೆ, ಅವರಿಗೆ ಆಸ್ಪತ್ರೆ ಯಾಕೆ ಎಂಬುದು ಆಗಿನ ಅಧಿಕಾರದವರ ಮಾತು. ಕೊನೆಗೆ 1952ರಲ್ಲಿ ನೆಹರೂರವರು ಅಡಿಗಲ್ಲಿಟ್ಟರು. 1954ರ ಜೂನ್ 18ರಂದು ಅಡ್ಯಾರಿನಲ್ಲಿ ಬಾಗಿಲು ತೆರೆಯಿತು. ಎಷ್ಟು ಮಂಚ ಅಂತೀರಿ? ಹನ್ನೆರಡು! ಮೇಲೆ ಗುಡಿಸಲಿನ ಸೂರು.

ಆ ಗುಡಿಸಲಿನ ಶಸ್ತ್ರವೈದ್ಯರೇ ಮುತ್ತುಲಕ್ಷ್ಮಿಯವರ ಮಗ ಕೃಷ್ಣಮೂರ್ತಿ. ಪರದೇಶದಲ್ಲಿ ತರಬೇತಿ ಪಡೆದು ಬಂದವರು. ಊರಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರೆ ಮಹಡಿ ಮೇಲೆ ಮಹಡಿ ಕಟ್ಟಬಹುದಿತ್ತು. 1955ರಲ್ಲಿ ಡಾ. ಶಾಂತಾ ಎಂಬ ತರುಣಿ, ಕೈಗೆ ಬಂದಿದ್ದ ಸರ್ಕಾರಿ ಕೆಲಸವನ್ನು ಬಿಟ್ಟು ಅವರ ಜೊತೆ ಸೇರಿ, ಆಸ್ಪತ್ರೆಯ ಅಂಗಳದಲ್ಲೇ ವಾಸಕ್ಕೆ ನಿಂತರು. 2021ರಲ್ಲಿ ಸಾಯುವವರೆಗೂ ಆಕೆ ಆ ಜಾಗ ಬಿಡಲಿಲ್ಲ.

ಕೃಷ್ಣಮೂರ್ತಿಯವರಲ್ಲಿ ನಾನು ಮೆಚ್ಚುವ ದೊಡ್ಡ ವಿಷಯ ಒಂದುಂಟು. ಕೈಯಲ್ಲಿ ಕತ್ತಿ ಹಿಡಿದವರಿಗೆ ಕತ್ತಿಯೇ ಸರ್ವಸ್ವ ಅನಿಸುವುದು ಸಹಜ. ನಮ್ಮಲ್ಲಿ ಸಾರು ಮಾಡುವವನು ದೋಸೆಕಲ್ಲಿನವನನ್ನು ಲೆಕ್ಕಕ್ಕೆ ಇಡುತ್ತಾನೆಯೆ? ಇವರು ಹಾಗಲ್ಲ. ಕೆನಡಾ ದೇಶದಿಂದ ಕೋಬಾಲ್ಟ್ ಯಂತ್ರ ತರಿಸಿ 1957ರಲ್ಲೇ ನಿಲ್ಲಿಸಿದರು. ಬಾಯಿ ಕ್ಯಾನ್ಸರಿನವರಿಗೆ ಕಿರಣ, ಕತ್ತಿ, ಮದ್ದು ಇವನ್ನು ಹೇಗೆ ಕೂಡಿಸಿದರೆ ಮನುಷ್ಯ ಉಳಿಯುತ್ತಾನೆಂದು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. ಬಾಯಿ ಕ್ಯಾನ್ಸರ್ ಯಾರಿಗೆ ಬರುತ್ತದೆ ಹೇಳಿ? ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿ ಜಗಿಯುವ ಗಾಡಿಯವ, ಗದ್ದೆಯವ, ಗಿರಣಿಯವ, ಒಲೆಯ ಮುಂದೆ ನಿಲ್ಲುವವ. ಕೃಷ್ಣಮೂರ್ತಿಯವರು ತಲೆ ಕೆಡಿಸಿಕೊಂಡದ್ದು ನಮ್ಮ ರೋಗಕ್ಕೆ!

ಈಗ ಭಟ್ಟರ ವಿಷಯ. ಕುಂದಾಪುರದ ಕಡೆಯವರು. ಬೆಳಗಿನ ನಾಲ್ಕಕ್ಕೆ ಕಲ್ಲು ಕಾಯಿಸಿದರೆ ರಾತ್ರಿ ಹತ್ತಕ್ಕೆ ಇಳಿಸುವುದು. ನಡುವೆ ನಿದ್ದೆಗೂ ಹಸಿವಿಗೂ ಒಂದೇ ಮದ್ದು: ದವಡೆಯಲ್ಲಿ ಒಂದು ಕವಳ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಆಯಿತು. ಆಮೇಲೆ ಹುಣ್ಣು. ಲವಂಗದೆಣ್ಣೆ ಹಚ್ಚಿದರು. ಬಿಸಿ ಕಾಫಿ ಬಿಟ್ಟರು, ಕಾರ ಬಿಟ್ಟರು, ಕವಳ ಬಿಡಲಿಲ್ಲ. “ಭಟ್ರೇ, ಡಾಕ್ಟರಿಗೆ ತೋರಿಸಿ” ಎಂದೆ. “ಸುಮ್ಮನಿರೋ ಮಾಣಿ, ಧಣಿಗೆ ಗೊತ್ತಾದರೆ ಕಲ್ಲು ಬಿಡಿಸ್ತಾರೆ” ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಕೆನ್ನೆ ಉಬ್ಬಿದ ದಿನ ಊರಿಗೆ ಹೋಗುವ ಖರ್ಚು ಕೈಗಿಟ್ಟು ಕಳಿಸಿದರು. ಯಾವ ಹೋಟೆಲು ಎಂದು ಕೇಳಬೇಡಿ. ಆ ಧಣಿಯೊಬ್ಬರೇ ಹಾಗೆ ಮಾಡಿದವರೂ ಅಲ್ಲ.

ಸೆಂಟ್ರಲ್ ಸ್ಟೇಷನ್ನಿಗೆ ಬಿಡಲು ಹೋದವನು ನಾನು. ರೈಲು ಹತ್ತಿಸಲಿಲ್ಲ, ಅಡ್ಯಾರಿಗೆ ಬಸ್ಸು ಹತ್ತಿಸಿದೆ. ಎಷ್ಟು ದಿನದಿಂದ ಹುಣ್ಣು ಎಂದು ಡಾಕ್ಟರಮ್ಮ ಕೇಳಿದರು. ಭಟ್ಟರು ಎರಡು ತಿಂಗಳು ಎಂದರು. ನಾನು ಒಂದು ವರ್ಷ ಎಂದೆ. ಭಟ್ಟರು ನನ್ನನ್ನು ದುರುಗುಟ್ಟಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ದವಡೆಯ ಅರ್ಧ ತೆಗೆದರು, ಆಮೇಲೆ ಕಿರಣ ಕೊಟ್ಟರು. ವಾರ್ಡಿನಲ್ಲಿ ಎಡಗಡೆಯ ಮಂಚದಲ್ಲಿ ಆಂಧ್ರದ ರೈತ, ಬಲಗಡೆ ಮಧುರೆಯ ನೇಕಾರ. ಮೂವರಿಗೂ ಮಾತು ಬಾರದು. ಮೂವರೂ ಕೈಸನ್ನೆಯಲ್ಲೇ ಹರಟುತ್ತಿದ್ದರು, ನಗುತ್ತಿದ್ದರು. ಭಟ್ಟರು ಊರಿಗೆ ಹೋಗಿ ಆರು ವರ್ಷ ಗಂಜಿ ಕುಡಿದು ಬದುಕಿದರು, ಮಗಳ ಮದುವೆಗೆ ನಿಂತರು. ಒಂದು ವರ್ಷ ಮುಂಚೆ ಹೋಗಿದ್ದರೆ ದವಡೆಯೂ ಉಳಿಯುತ್ತಿತ್ತೋ ಏನೋ.

ಅಡಿಕೆ ತೋಟದ ಊರಿನಿಂದ ಬಂದವರು ಕೋಪ ಮಾಡಬೇಡಿ, ನನ್ನ ಸೋದರಮಾವನದೂ ತೋಟವೇ. ಹೊಗೆಸೊಪ್ಪು ಸೇರಿಸದ ಬರೀ ಎಲೆಯಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲಿ ಅಚ್ಚು ಹಾಕಿಸಿ ಹೇಳಿದ್ದಾರೆ. ಈ ರೋಗ ಅಂಟುರೋಗವಲ್ಲ. ಹುಣ್ಣಾದವನ ಲೋಟವನ್ನು ಬೇರೆ ಇಡುವವರು ಇದನ್ನು ಕೇಳಿಸಿಕೊಳ್ಳಿ.

ಇನ್ನು ಕೂಲಿಯ ಮಾತು. ಇ.ಎಸ್.ಐ.ಯಲ್ಲಿ ಹೆಸರಿದ್ದು, ಎರಡು ವರ್ಷ ಕೆಲಸ ಮಾಡಿ, ನಿಯಮದಷ್ಟು ದಿನ ವಂತಿಗೆ ಕಟ್ಟಿದವನಿಗೆ ಕ್ಯಾನ್ಸರ್ ಬಂದರೆ ಕೂಲಿಯ ನೂರಕ್ಕೆ 80ರಷ್ಟು, ಎರಡು ವರ್ಷದವರೆಗೂ ಸಿಗಬಹುದು. ಭಟ್ಟರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ ಎಂದು ನಾವು ಹೋಟೆಲು ಹೋಟೆಲು ಸುತ್ತುವುದು ಇದಕ್ಕೇ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿಯೂ ಉಂಟು. ಆಸ್ಪತ್ರೆಯ ಚೀಟಿ ತೋರಿಸಬೇಕು.

ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಯಾರಿಗಿದ್ದರೂ ಇಲ್ಲಿ ಎದ್ದು ನಿಂತು ಹೇಳಬೇಕಾಗಿಲ್ಲ. ಸಭೆ ಮುಗಿದ ಮೇಲೆ ನಾನು ಮೆಟ್ಟಿಲ ಹತ್ತಿರ ಇರುತ್ತೇನೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಅಡ್ಯಾರಿಗೆ ಹೊರಡೋಣ. ಬಸ್ ಚಾರ್ಜು ಸಂಘದ್ದು.