ಗೋಡೆಯಿಲ್ಲದ ಮನೆಯ ಕಾವಲು



ಐರ್ಲೆಂಡಿನ ಅಲ್ಸ್ಟರ್ ಸೀಮೆಯಲ್ಲಿ 1610ರ ಸುಮಾರಿಗೆ ಜಮೀನು ಪಡೆದ ದೊಡ್ಡ ವಲಸಿಗರಿಗೆ ಒಂದು ಷರತ್ತಿತ್ತು: ಭದ್ರವಾದ ಮನೆ ಕಟ್ಟಿ, ಸುತ್ತ ‘ಬಾನ್’ ಎಂಬ ಕಾವಲುಗೋಡೆ ಎಬ್ಬಿಸಬೇಕು. ನೆಲ ಕಳೆದುಕೊಂಡವರು ತಿರುಗಿಬಿದ್ದಾರೆಂಬ ಭಯವೇ ಅದಕ್ಕೆ ಕಾರಣ.

ಅದೇ ಐರ್ಲೆಂಡಿನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿ ಕಂಪನಿಯ ಸೇನಾಧಿಕಾರಿಯಾದ. ಮುಂದೆ ಅವನಿಗೆ ಬಂದ ಬಿರುದಿನ ಹೆಸರು ಹೊತ್ತ ನಮ್ಮ ವೆಲ್ಲಿಂಗ್ಟನ್ ಹೌಸ್ ನೋಡಿ. 1805ರ ರೆಸಿಡೆನ್ಸಿ, ಅಂದರೆ ಇಂದಿನ ಗವರ್ನಮೆಂಟ್ ಹೌಸ್ ನೋಡಿ. ಕೋವಿ ತೂರಿಸುವ ಕಿಂಡಿಗಳಿಲ್ಲ. ಹಾಗಾದರೆ ಇವರಿಗೆ ಭಯವಿರಲಿಲ್ಲವೇ?

ಕಾವಲು ಬೇರೆ ಕಡೆ ಇತ್ತು. 1799ರ ಒಪ್ಪಂದದಂತೆ ಕಂಪನಿಯ ಸೇನೆಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ತೆರಬೇಕಿತ್ತು. ಅಲ್ಲಿ ವಲಸಿಗ ಗೋಡೆ ಕಟ್ಟಿದ. ಇಲ್ಲಿ ನಮ್ಮ ರೈತ ಕಂದಾಯ ಕಟ್ಟಿದ. ಆ ಕಟ್ಟಡಗಳ ಅಂದ ನೋಡುವಾಗ ಈ ಲೆಕ್ಕವೂ ನೆನಪಿರಲಿ.