ಜಾಲತಾಣಕ್ಕೂ ಒಂದು ಬಿತ್ತುವಟ್ಟ



ಸಂಘಕ್ಕೊಂದು ಜಾಲತಾಣ ಬೇಕೆಂದು ತಾವೆಲ್ಲರೂ ಒಮ್ಮತದಿಂದ ನಿಶ್ಚಯಿಸಿರುವಿರಿ. ಕಟ್ಟಿಸುವ ವೆಚ್ಚವನ್ನು ದಾನಿಗಳು ವಹಿಸಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಬ್ಯಾಂಕಿನ ಗುಮಾಸ್ತರಾದ ನಮ್ಮ ಕಣ್ಣಿಗೆ ಮೊದಲು ಬೀಳುವುದು ಮುಂದಿನ ವರ್ಷದ ಖರ್ಚು. ಅದನ್ನೇ ಕೊಂಚ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಹಿರಿಯರು ಕೆರೆ ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಹೂಳೆತ್ತಲು, ಏರಿ ಭದ್ರಪಡಿಸಲು ಬಿತ್ತುವಟ್ಟವೆಂದು ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಡುತ್ತಿದ್ದರು. ಕನ್ನಡ ನಾಡಿನ ಶಾಸನಗಳೇ ಇದಕ್ಕೆ ಸಾಕ್ಷಿ. ಜಾಲತಾಣವೂ ಕೆರೆಯಂತೆಯೇ. ಕಟ್ಟಿಸುವುದು ಒಂದು ಸಲದ ವೆಚ್ಚ. ಕಾಪಾಡುವುದು ವರ್ಷ ವರ್ಷದ ವೆಚ್ಚ.

ಆ ವೆಚ್ಚಗಳಾವುವು? ಮೊದಲನೆಯದು ಹೆಸರಿನ ಶುಲ್ಕ. ತಾಣದ ಹೆಸರನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಗಡುವು ಮೀರಿಯೂ ನವೀಕರಿಸದಿದ್ದರೆ ಕೆಲಕಾಲದ ಮೇಲೆ ಅದು ಯಾರ ಪಾಲಾದರೂ ಆಗಬಹುದು. ಎರಡನೆಯದು ಕಡತಗಳನ್ನಿರಿಸುವ ಸರ್ವರಿನ ಬಾಡಿಗೆ. ಮೂರನೆಯದು ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ, ಎಲ್ಲದರ ಪ್ರತಿಯನ್ನು ಬೇರೆಡೆ ಕಾದಿಡುವವರ ಸಂಭಾವನೆ. ನಾಲ್ಕನೆಯದು ಅನಿರೀಕ್ಷಿತ ಖರ್ಚು. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಆ ವರ್ಷದ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ತಮ್ಮ ತಾಣಗಳನ್ನು 'ಬ್ಯಾಂಕ್ ಡಾಟ್ ಇನ್' ಹೆಸರಿಗೆ ಬದಲಿಸಬೇಕೆಂದು ಆಜ್ಞಾಪಿಸಿತು. ಆ ಹೆಸರುಗಳನ್ನು ನೋಂದಾಯಿಸುವ ಸಂಸ್ಥೆ ಇಲ್ಲೇ ಮಾಸಬ್ ಟ್ಯಾಂಕಿನಲ್ಲಿದೆ. ಬ್ಯಾಂಕುಗಳಿಗೇ ಹೀಗೆ ಹೊಸ ಖರ್ಚು ಬರುವಾಗ ಸಂಘಕ್ಕೆ ಬಾರದೆ?

ಪುಕ್ಕಟೆ ಜಾಗವೇ ಸಾಕಲ್ಲವೆ ಎನ್ನುವವರಿದ್ದಾರೆ. ಜಿಯೋಸಿಟೀಸ್ ಎಂಬ ಪುಕ್ಕಟೆ ತಾಣವನ್ನು ಯಾಹೂ ಕಂಪನಿ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಅಲ್ಲಿ ಜನ ಅಕ್ಕರೆಯಿಂದ ಕಟ್ಟಿಕೊಂಡ ಪುಟಗಳಿಗೆ ನೆಲೆಯೇ ಇಲ್ಲವಾಯಿತು.

ಲೆಕ್ಕ ಕಠಿಣವಲ್ಲ. ಮಾತಿಗೆ, ವರ್ಷಕ್ಕೆ 12,000 ರೂಪಾಯಿ ಬೇಕೆನ್ನಿ. 120 ಮನೆಗಳಿದ್ದರೆ ಮನೆಗೆ 100 ರೂಪಾಯಿ. ಇಲ್ಲವೇ 2 ಲಕ್ಷದ ನಿಶ್ಚಿತ ಠೇವಣಿಗೆ ಶೇಕಡ 6ರಂತೆ ಬರುವ ಬಡ್ಡಿ. ದರಗಳು ಏರುವುದರಿಂದ ಪ್ರತಿವರ್ಷ ಒಂದಿಷ್ಟನ್ನು ಅಸಲಿಗೆ ಸೇರಿಸುತ್ತಿರಬೇಕು.

ಇನ್ನೊಂದು ಮಾತು. ಹೆಸರಿನ ನೋಂದಣಿ ಸಂಘದ ಹೆಸರಿನಲ್ಲೇ ಇರಲಿ. ಗುಪ್ತಪದ ಕಾರ್ಯದರ್ಶಿ, ಖಜಾಂಚಿ ಇಬ್ಬರಲ್ಲೂ ಇರಲಿ. ಸಿಕಂದರಾಬಾದಿಗೆ ವರ್ಗವಾಗಿ ಬಂದ ನಮ್ಮಂಥವರು ನಾಳೆ ವರ್ಗವಾಗಿ ಹೋಗುವವರೂ ಹೌದು.

1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದ ಹಿರಿಯರ ಭಾವಚಿತ್ರಗಳೂ ನಮ್ಮ ಹಳೆಯ ಸಂಚಿಕೆಗಳೂ ಆ ತಾಣ ಸೇರಲಿವೆ. ನಾಳೆ ರೈಲಿಳಿಯುವ ಕನ್ನಡ ಕುಟುಂಬ ನಮ್ಮನ್ನು ಅಲ್ಲಿಯೇ ಹುಡುಕುತ್ತದೆ. ಆದುದರಿಂದ ಈ ಸಾಲಿನ ಆಯವ್ಯಯದಲ್ಲಿ 'ತಾಣ ರಕ್ಷಣೆ' ಎಂಬ ಶೀರ್ಷಿಕೆಯೊಂದನ್ನು ತೆರೆಯಬೇಕೆಂದು ಸೂಚಿಸುತ್ತೇವೆ. ತಾವು ಅನುಮೋದಿಸುವಿರೆಂದು ನಂಬಿದ್ದೇವೆ.