ಊದಬ್ಯಾಡ್ರಿ, ಉಸಿರು ಎಳೀರಿ



ಬೈಲಹೊಂಗಲದ ಈ ಆರೋಗ್ಯ ಮೇಳದ ಮೂರನೇ ಮಳಿಗೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದಿದೆ, ಒಳಗೆ ಮೂರು ಚೆಂಡು. ಸ್ಪೈರೋಮೀಟರ್ ಅನ್ನುತ್ತಾರೆ. ಆಗಲೇ ನಾಲ್ಕಾರು ಮಂದಿ ಬಾಯಿಗಿಟ್ಟು ಊದಿದರು, ಚೆಂಡು ಅಲುಗಲಿಲ್ಲ. ಊದುಗೊಳವಿ ಹಿಡಿದು ಒಲೆ ಉರಿಸಿದ ಮಂದಿ ನಾವು, ತಪ್ಪೇನಿಲ್ಲ. ಆದರೆ ಇದು ಉಸಿರು ಎಳೆಯುವ ಸಾಮಾನು, ಅಂಗಾಂಗ ಕಸಿಯಾದವರಿಗೆ ಬಹಳ ಬೇಕಾದದ್ದು.

ಅಂಗಾಂಗ ಕಸಿ ಅಂದರೆ ಬೆಂಗಳೂರಿಗೇ ಓಡುವ ಕಾಲ ಹೋಯಿತು. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೇ ಮೂತ್ರಪಿಂಡ, ಹೃದಯದ ಕಸಿ ನಡೆದಿವೆ. ದಾನವಾದ ಅಂಗ ಯಾರ ಸರತಿಗೆ ಎಂಬುದನ್ನು ರಾಜ್ಯದ ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. 2021ರಲ್ಲಿ ನಟ ಸಂಚಾರಿ ವಿಜಯ್ ತೀರಿಕೊಂಡಾಗ ಅವರ ಮನೆಯವರು ಆ ದುಃಖದಲ್ಲೂ ಅಂಗದಾನಕ್ಕೆ ಒಪ್ಪಿದ್ದು ನಿಮಗೆ ನೆನಪಿರಬಹುದು. ಆಪರೇಷನ್ ಮಾತು ಡಾಕ್ಟರು ಹೇಳುತ್ತಾರೆ. ನನ್ನ ಮಾತು ಅದರ ಮರುದಿನದ್ದು.

ಹೊಟ್ಟೆಯನ್ನೋ ಎದೆಯನ್ನೋ ಕೊಯ್ದ ಮೇಲೆ ನೋವಿಗೆ ಅಂಜಿ ಮನುಷ್ಯ ಮೇಲಮೇಲೆ ಉಸಿರಾಡುತ್ತಾನೆ. ಶ್ವಾಸಕೋಶದ ತಳ ಮುದುಡುತ್ತದೆ, ಕಫ ಕೂಡುತ್ತದೆ, ಆಮೇಲೆ ನ್ಯುಮೋನಿಯಾ ದೂರವಿಲ್ಲ. ಮೇಲಾಗಿ, ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಟ್ಯಾಕ್ರೊಲಿಮಸ್‌ನಂಥ ಔಷಧಿ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿರುತ್ತದೆ. ಅದಕ್ಕೇ ಎಚ್ಚರವಿರುವಾಗ ತಾಸಿಗೆ ಹತ್ತು ಸಲ ಈ ಡಬ್ಬಿಯಲ್ಲಿ ಉಸಿರನ್ನು ನಿಧಾನವಾಗಿ ಎಳೆದು, ಎರಡು-ಮೂರು ಎಣಿಸುವ ತನಕ ಹಿಡಿದು, ಬಿಡಬೇಕು. ಕೆಮ್ಮುವಾಗ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಬೇಕು. ಬಂದ ಕಿಡ್ನಿ ನಿಲ್ಲುತ್ತದೋ ಇಲ್ಲವೋ ಎಂದು ರಾತ್ರಿ ನಿದ್ದೆ ಹತ್ತದಿದ್ದರೆ, ಎಳೆದದ್ದಕ್ಕಿಂತ ಉದ್ದಕ್ಕೆ ಉಸಿರು ಬಿಡುತ್ತ ದವಡೆ, ಭುಜ, ಮುಷ್ಟಿ ಒಂದೊಂದಾಗಿ ಸಡಿಲಿಸಿ.

ಒಂದು ಸೋಜಿಗ ಕೇಳಿ. ಕಸಿ ಮಾಡಿದ ಹೃದಯಕ್ಕೆ ನರಗಳ ನಂಟು ಕಡಿದಿರುತ್ತದೆ. ಮೈ ಹಗುರಾದರೂ ನಾಡಿ ಕೂಡಲೇ ಇಳಿಯುವುದಿಲ್ಲ, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90ರ ಆಸುಪಾಸು. ಅಭ್ಯಾಸ ಫಲಿಸಲಿಲ್ಲವೆಂದು ಕಂಗಾಲಾಗಬೇಡಿ.

ಕಪಾಲಭಾತಿ, ಭಸ್ತ್ರಿಕಾ ಮಾತ್ರ ಡಾಕ್ಟರು ಒಪ್ಪುವ ತನಕ ಬೇಡವೇ ಬೇಡ. ಪ್ರಾಣಾಯಾಮ ಹಿಡಿದೆ, ಮಾತ್ರೆ ಬಿಟ್ಟೆ ಎನ್ನುವುದು ಕೊಟ್ಟವರ ದಾನಕ್ಕೆ ಮಣ್ಣು ಹಾಕಿದ ಹಾಗೆ. ಯಲ್ಲಮ್ಮನ ಗುಡ್ಡದ ಜಾತ್ರೆಯ ಗದ್ದಲ, ಭಂಡಾರದ ಧೂಳು ಮೊದಲ ತಿಂಗಳುಗಳಲ್ಲಿ ಸಲ್ಲದು. ಮನೆಯಿಂದಲೇ ಕೈಮುಗಿದರೆ ತಾಯಿ ಮುನಿಯಳು.

ದೀಪ ಹಚ್ಚಿದ್ದಾಯಿತು. ಮೇಳ ಮೂರನೇ ಮಳಿಗೆಯಿಂದಲೇ ಶುರುವಾಗಲಿ. ಬಾಯಿಗಿಡುವ ಕೊಳವೆ ಒಬ್ಬೊಬ್ಬರಿಗೂ ಬೇರೆ ಇಟ್ಟಿದ್ದಾರೆ. ಮೊದಲು ಯಾರು ಬರ್ತೀರಿ, ಬರ್ರಿ. ಊದಬ್ಯಾಡ್ರಿ ಮತ್ತ.